ಧೂಳಿನ ತಿದ್ದುಪಡಿ

ನನ್ನ ಕಣ್ಣು ದೂರದ್ದಕ್ಕೇ ಹುಟ್ಟಿದ್ದು. ಕೋಟ್ಯಂತರ ವರ್ಷಗಳ ಹಿಂದೆ ಹೊರಟ ಬೆಳಕು ಕಾಣುತ್ತದೆ, ಮೇಜಿನ ಮೇಲೆ ಆರುತ್ತಿರುವ ಚಹಾ ಕಾಣುವುದಿಲ್ಲ ಎಂಬುದು ಹೆಂಡತಿಯ ದೂರು. ನಾನು ಹುಬ್ಬಳ್ಳಿಯಲ್ಲಿ ಭೌತಶಾಸ್ತ್ರ ಕಲಿಸುವ ಮಾಸ್ತರ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಪುಣೆಯಲ್ಲಿದ್ದ ನನ್ನ ಗುರುಗಳು ಒಂದು ಕೆಲಸ ಒಪ್ಪಿಸಿದ್ದರು. ದೂರದರ್ಶಕ ತೆಗೆದ ಚಿತ್ರಗಳನ್ನು ಮನೆಯ ಕಂಪ್ಯೂಟರಿನಲ್ಲಿ ನೋಡಿ, ತೀರಾ ದೂರದ ಗ್ಯಾಲಕ್ಸಿಗಳನ್ನು ಎಣಿಸುವುದು. ವಿಶ್ವ ಇನ್ನೂ ಕೂಸಾಗಿದ್ದಾಗ ನಕ್ಷತ್ರಗಳು ಎಷ್ಟು ಲಗುಬಗೆಯಿಂದ ಹುಟ್ಟುತ್ತಿದ್ದವು ಎಂಬುದು ಆ ಎಣಿಕೆಯಿಂದ ತಿಳಿಯುತ್ತದಂತೆ. ಕೆಲಸ ಸರಿಯಾದರೆ ಸಂಶೋಧನಾ ಪ್ರಬಂಧದಲ್ಲಿ ನನ್ನ ಹೆಸರೂ ಅಚ್ಚಾಗುವುದಿತ್ತು. ಅಂದಿನಿಂದಲೇ ನಾನು ಕಾಲೇಜಿನಲ್ಲಿ ನಿಧಾನವಾಗಿ, ವಿಜ್ಞಾನಿಯ ಗತ್ತಿನಲ್ಲಿ ನಡೆಯತೊಡಗಿದೆ.

ನಮ್ಮ ಮನೆ ಗೋಕುಲ ರಸ್ತೆಯ ಮಗ್ಗುಲಲ್ಲಿ. ಆ ರಸ್ತೆಯನ್ನು ಅಗೆಯುವವರಿಗೆ ಮುಚ್ಚುವ ಚಟವಿರಲಿಲ್ಲವಾಗಿ, ಧೂಳು ಬೀಗರಂತೆ ಬಂದು ಮನೆಯಲ್ಲೇ ಉಳಿಯುತ್ತಿತ್ತು. ಒಂದು ಭಾನುವಾರ ಹೆಂಡತಿ, "ಏನ್ರಿ, ಮಾಳಮಡ್ಡಿಯಿಂದ ನಮ್ಮಕ್ಕ ಬರಾಕತ್ತಾಳ. ಆ ಕಂಪ್ಯೂಟರರ ಒರಸ್ರಿ" ಎಂದಳು. "ತಡಿ, ಇಲ್ಲೆ ನಕ್ಷತ್ರ ಹುಟ್ಟಾಕತ್ತಾವು" ಎಂದೆ.

ಸುಳ್ಳಲ್ಲ, ಚಿತ್ರದ ಎಡಮೂಲೆಯಲ್ಲಿ ಮಸುಕು ಗ್ಯಾಲಕ್ಸಿಗಳ ದೊಡ್ಡ ಹಿಂಡೇ ಇತ್ತು. ಮುಂದಿನ ಚಿತ್ರದಲ್ಲೂ ಇತ್ತು, ಅದೇ ಮೂಲೆಯಲ್ಲಿ. ಅದರ ಮುಂದಿನದರಲ್ಲೂ! ಹೆಸರಿನ ಆಸೆ ಹತ್ತಿದವನಿಗೆ ಅನುಮಾನ ಹತ್ತುವುದಿಲ್ಲ. ಲೆಕ್ಕ ಹಾಕಿದರೆ ನಕ್ಷತ್ರಗಳ ಹುಟ್ಟು ಜಗತ್ತಿನ ಪಂಡಿತರು ಹೇಳಿದ್ದರ ಎರಡು ಪಟ್ಟು. ಪಾಪ, ಆ ಪಂಡಿತರ ಬಗ್ಗೆ ನನಗೆ ಕನಿಕರವೇ ಆಯಿತು. ಪುಣೆಗೆ ಫೋನು ಮಾಡಿ ಹೇಳಿಯೂ ಬಿಟ್ಟೆ.

ಅಷ್ಟರಲ್ಲಿ ಧಾರವಾಡದಿಂದ ಹೆಂಡತಿಯ ಅಕ್ಕ ಬಂದರು. ಧಾರವಾಡದವರಿಗೆ ಹುಬ್ಬಳ್ಳಿಯಲ್ಲಿ ಮೊದಲು ಕಾಣುವುದೇ ಧೂಳು. "ಅಯ್ಯ, ಇದೇನವಾ ನಿಮ್ಮನಿ ಧೂಳ!" ಎಂದವರೇ ಸೆರಗಿನ ತುದಿಯಿಂದ ಪರದೆಯನ್ನು ಒಂದೇ ಬಾರಿ ಒರೆಸಿದರು. ನನ್ನ ಹಿಂಡು ಸೆರಗಿಗೆ ಹೋಯಿತು.

"ಅಕ್ಕನ ಮುಂದ ನನ್ನ ಮಾನಾ ಹೋತು" ಎಂದು ಹೆಂಡತಿ ಒಳಗೆ ಪಿಸುಗುಟ್ಟಿದಳು.

"ನಂದೂ ಹೋತು" ಎಂದೆ.

ಸಂಜೆ ಗುರುಗಳ ಫೋನು ಬಂತು, ಲೆಕ್ಕ ಎರಡು ಪಟ್ಟಾದದ್ದು ಹೇಗೆಂದು. ಆಕಾಶದಲ್ಲೂ ಧೂಳಿದೆ. ಅದು ನಕ್ಷತ್ರಗಳನ್ನು ಮರೆಮಾಡುವುದರಿಂದ, ಮರೆಯಾದ ಬೆಳಕನ್ನು ಲೆಕ್ಕಕ್ಕೆ ಸೇರಿಸಬೇಕು. ಖಗೋಳ ವಿಜ್ಞಾನಿಗಳು ಧೂಳಿನ ತಿದ್ದುಪಡಿ ಎನ್ನುವುದು ಇದಕ್ಕೇ. ತಪ್ಪಿಸಿಕೊಳ್ಳಲು ನಾನು ಆ ಮಾತನ್ನೇ ಹಿಡಿದುಕೊಂಡೆ. "ಸರ್, ಧೂಳಿನ ತಿದ್ದುಪಡಿ ಮಾಡೋದ ಮರ್ತಿದ್ದೆರಿ. ಈಗ ಮಾಡೇನಿ. ಲೆಕ್ಕ ಅರ್ಧಕ್ಕ ಇಳೀತ್ರಿ."

"ಧೂಳ ತಗದ್ರ ಲೆಕ್ಕ ಹೆಚ್ಚಾಗಬೇಕಲ್ಲೊ! ನಿಂದು ಹೆಂಗ ಇಳೀತು?"

"ಇದು ಹುಬ್ಬಳ್ಳಿ ಧೂಳರಿ ಸರ್" ಎಂದೆ.

ಮುಂದಿನ ವರ್ಷ ಪ್ರಬಂಧ ಅಚ್ಚಾಗಿ ಬಂತು. ಲೇಖಕರ ಹೆಸರುಗಳಲ್ಲಿ ನನ್ನದನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹುಡುಕಿದೆ. ಕನ್ನಡಕ ತೆಗೆದು ಹುಡುಕಿದೆ, ಹಾಕಿಕೊಂಡೂ ಹುಡುಕಿದೆ. ನೋಡಿ ನೋಡಿ ಸಾಕಾದ ಹೆಂಡತಿ ಒರೆಸುವ ಅರಿವೆ ತಂದು ನನ್ನ ಕೈಗಿತ್ತಳು.

"ಒರಿಸಿ ನೋಡ್ರಿ, ಕಂಡೀತು."