ಪಿಸುಮಾತಿನ ರಾಯರ ಜಲಪಾತ ಭಾಷಣ

ಗಟ್ಟಿಯಾಗಿ ಮಾತಾಡುವ ಯೋಗ ಪಿಸುಮಾತಿನ ರಾಯರ ಹಣೆಯಲ್ಲಿ ಬರೆದಿರಲಿಲ್ಲ. ಹಗಲೆಲ್ಲ ಗ್ರಂಥಾಲಯದ ಕೆಲಸ. ಅಲ್ಲಿ ಕೆಮ್ಮಿದರೂ ಜನ ತಲೆಯೆತ್ತಿ ದುರುಗುಟ್ಟುತ್ತಾರೆ. ಸಂಜೆ ಮನೆಗೆ ಬಂದರೆ ಹೆಂಡತಿ. ಆಕೆಗೆ ನೇಯ್ಗೆ ಮಿಲ್ಲಿನಲ್ಲಿ ಕೆಲಸ. ಮಗ್ಗಗಳ ಗಡಗಡದ ನಡುವೆ ವರ್ಷಗಟ್ಟಲೆ ದುಡಿದವಳು, "ಟೀ ಆಯ್ತು" ಅಂದರೆ ಪಕ್ಕದ ಮನೆಯವರೂ ಎದ್ದು ಬರಬೇಕು. ಅಂಥ ಕಂಠದ ಮುಂದೆ ರಾಯರ ಮಾತು ಗಂಟಲಲ್ಲೇ ಉಳಿದು ಹಳಸಿಹೋಗುತ್ತಿತ್ತು. ಒಂದೇ ಒಂದು ಸಲ ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಬಿಡಬೇಕು, ಪಾಪ, ಅದೊಂದೇ ಆಸೆ.

"ರೀ, ಭಾನುವಾರ ಫಾಲ್ಸಿಗೆ ಹೋಗೋಣ. ನಮ್ಮ ಮಿಲ್ಲಿನವರೂ ಬರ್ತಿದಾರೆ."

"ನೀರು ಬೀಳೋದನ್ನ ನೋಡೋಕೆ ಅಷ್ಟು ದೂರ ಯಾಕೆ? ಬಚ್ಚಲ ನಲ್ಲಿನೇ..."

"ಏನಂದ್ರಿ?"

"ಹೋಗೋಣ ಅಂದೆ."

ಹೋದರು. ಕಾಡಿನ ನಡುವಿಂದ ಬಂದ ನದಿ ಬಂಡೆಯಂಚಿನಿಂದ ಧುಮುಕುತ್ತಿತ್ತು. ಜನರೆಲ್ಲ ಅದಕ್ಕೆ ಬೆನ್ನು ತಿರುಗಿಸಿ ತಮ್ಮ ಮುಖದ ಫೋಟೋ ತೆಗೆದುಕೊಳ್ಳುತ್ತಿದ್ದರು (ಮುಖ ಮನೆಯಲ್ಲೂ ಇತ್ತು, ಬಿಡಿ). ಸದ್ದೆಂದರೆ ಸದ್ದು! "ಚೆನ್ನಾಗಿದೆ" ಅಂದ ರಾಯರ ಮಾತು ರಾಯರಿಗೇ ಕೇಳಿಸಲಿಲ್ಲ. ಆಗ ಹೊಳೆಯಿತು ನೋಡಿ, ಆ ಮಹದಾಲೋಚನೆ.

ಪರೀಕ್ಷೆಗೆಂದು ಮುಗುಳ್ನಗುತ್ತಲೇ ಶುರು ಮಾಡಿದರು. "ನಿನ್ನ ಅಡುಗೆಗೆ ಒಂದಿನ ಉಪ್ಪು ಜಾಸ್ತಿ, ಒಂದಿನ ಉಪ್ಪೇ ಇಲ್ಲ ಕಣೇ."

ಹೆಂಡತಿ ಅವರ ಮುಖವನ್ನೇ ನೋಡುತ್ತ ನಕ್ಕಳು. ರಾಯರಿಗೆ ರೆಕ್ಕೆ ಬಂತು!

"ನಿಮ್ಮಮ್ಮ ಎರಡು ದಿನಕ್ಕೆ ಅಂತ ಬಂದು ಎರಡು ತಿಂಗಳು ಝಾಂಡಾ ಊರ್ತಾರೆ. ನಿನ್ನ ತಮ್ಮ ನನ್ನ ಅಂಗಿ ಹಾಕ್ಕೊಂಡು ನನಗೇ ಬುದ್ಧಿ ಹೇಳ್ತಾನೆ. ಈ ಮನೆಗೆ ಯಜಮಾನ ನಾನು, ತಿಳ್ಕೋ!" ಕೈ ಮಾತ್ರ ಮರಗಿಡಗಳತ್ತ ತೋರಿಸುತ್ತಿತ್ತು (ಪ್ರಕೃತಿ ವರ್ಣನೆ ಅಂದುಕೊಳ್ಳಲಿ ಎಂದು). ಎಂಥ ಧೈರ್ಯ ಅಂತೀರಿ!

ಹೆಂಡತಿ ತಲೆಯಾಡಿಸಿದಳು. ಆಮೇಲೆ ಆಚೆ ದಡದತ್ತ ತಿರುಗಿ ಏನೋ ಹೇಳುವಂತೆ ಬಾಯಾಡಿಸಿದಳು. ಅಲ್ಲೊಬ್ಬಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ವಾಪಸು ಹೋಗಲು ಬಸ್‌ ನಿಲ್ದಾಣಕ್ಕೆ ಬಂದಾಗ ರಾಯರ ಎದೆ ಹತ್ತಿಯಷ್ಟು ಹಗುರ. "ಅಲ್ಲೇನೇ ಬಾಯಾಡಿಸ್ತಿದ್ದೆ?"

"ಆಚೆ ದಡದಲ್ಲಿದ್ಲಲ್ಲ, ನನ್ನ ಪಕ್ಕದ ಮಗ್ಗದವಳು. ಅವಳ ಹತ್ರ ಮಾತಾಡ್ತಿದ್ದೆ."

"ಆ ಗಲಾಟೆಲಿ ಏನೇ ಕೇಳಿಸುತ್ತೆ?"

"ಕೇಳಿಸೋದು ಯಾಕೆ? ಮಿಲ್ಲಲ್ಲಿ ಯಾರ ಮಾತು ಯಾರಿಗೆ ಕೇಳಿಸುತ್ತೆ? ತುಟಿ ನೋಡ್ಕೊಂಡೇ ಅಲ್ವಾ ನಾವೆಲ್ಲ ಮಾತಾಡೋದು!"

ಉಪ್ಪು, ಅತ್ತೆ, ಅಂಗಿ, ಯಜಮಾನ... ರಾಯರು ಆಡಿದ್ದನ್ನೆಲ್ಲ ಮನಸ್ಸಿನಲ್ಲೇ ಎಣಿಸಿಕೊಂಡರು.

"ಅವಳೂ ನಿಮ್ಮ ಭಾಷಣ ಪೂರ್ತಿ ನೋಡಿದ್ಲು. ನಾಳೆ ಮಿಲ್ಲಲ್ಲಿ ಎಲ್ಲರಿಗೂ ಹೇಳ್ತಾಳಂತೆ. ನೀವು ಟೀ ಕುಡಿಯೋವಾಗ ಅಮ್ಮನಿಗೆ ಫೋನ್ ಮಾಡ್ದೆ, ತಮ್ಮನ್ನ ಕರ್ಕೊಂಡು ಬರ್ತಿದಾರೆ. ಯಜಮಾನ್ರೇ, ಇನ್ಮೇಲೆ ಅಡುಗೆ ನಿಮ್ದು. ಉಪ್ಪು ನೋಡ್ಕೊಂಡು ಹಾಕಿ."

ಗೊಣಗಲು ತುಟಿ ಬಿಚ್ಚಿದ ರಾಯರು ಥಟ್ಟನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

"ಕೈ ತೆಗೀರಿ," ಅಂದಳು ಹೆಂಡತಿ, ಮದುವೆಯಾದ ಮೇಲೆ ಮೊದಲ ಬಾರಿಗೆ ಪಿಸುಮಾತಿನಲ್ಲಿ. "ಸರಿಯಾಗಿ ಓದೋಕೆ ಆಗ್ತಿಲ್ಲ."