ಪಂಕಜಾಕ್ಷಿಯ ಪೋಷಕರು

ಹೆಂಡತಿ ಕಾಲೇಜಿಗೆ ಹೋಗುವ ಬಗ್ಗೆ ಚಂದ್ರಯ್ಯನವರಿಗೆ ಬೇಸರವೇನೂ ಇರಲಿಲ್ಲ. ಬೇಸರವಿದ್ದದ್ದು ಬೆಳಗಿನ ತಿಂಡಿಯ ಬಗ್ಗೆ.

ಮಗಳು ಕೃತಿಕಾಳನ್ನು ಮದುವೆ ಮಾಡಿ ಕಳಿಸಿದ ಮೇಲೆ, ನಲವತ್ತು ದಾಟಿದ ಪಂಕಜಾಕ್ಷಿ ಒಂದು ಸಂಜೆ ಸೊಪ್ಪು ಸೋಸುತ್ತಾ, "ರೀ, ನನ್ನ ಓದು ಪಿಯುಸಿಗೇ ನಿಂತೋಯ್ತಲ್ಲ, ಸಕಲೇಶಪುರದಲ್ಲಿ ಬಿ.ಎ. ಸೇರ್ಕೊಳ್ಳಾಣ ಅಂತಿದೀನಿ" ಎಂದಿದ್ದರು.

"ಸೇರ್ಕೋ. ಸರ್ಕಾರ ಸ್ಕಾಲರ್‌ಶಿಪ್ ಕೊಡೋಗಂಟ ಓದು. ಅದು ನಿಂತ ದಿವ್ಸ ನೀನೂ ನಿಂತ್ಕೋ" ಎಂದು ಚಂದ್ರಯ್ಯ ತೀರ್ಪು ಕೊಟ್ಟರು. (ಸರ್ಕಾರ ಎಲ್ಲಿ ಕೊಡುತ್ತದೆ, ತಿಂಗಳೊಪ್ಪತ್ತಿನಲ್ಲಿ ಹುಚ್ಚು ಇಳಿಯುತ್ತದೆ ಎಂಬುದು ಒಳಗಿನ ಲೆಕ್ಕಾಚಾರ.)

ತೀರ್ಪು ಕೊಡುವುದು ಅವರಿಗೆ ಅಭ್ಯಾಸ. ಹಾನುಬಾಳಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅವರು ರೈಟರ್. ಬೆಳಿಗ್ಗೆ ಆಳುಗಳು ಸ್ಟೋರಿನ ಮುಂದೆ ಸಾಲಾಗಿ ನಿಂತಾಗ ಹಾಜರಿ ಹಾಕುವವರು ಅವರೇ. ಗಂಟೆ ಹೊಡೆದ ಮೇಲೆ ಬಂದವರು ಯಾರೇ ಆಗಲಿ, ಅರ್ಧ ಹಾಜರಿ, ಅರ್ಧ ಕೂಲಿ. ಆಳುಗಳ ಲೈನ್ ಮನೆಯ ಲಿಂಗಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತಾ ಓಡಿ ಬಂದು, "ಮನೇಲಿ ಕೆಲ್ಸ ಇತ್ತು ರೈಟ್ರೇ" ಎಂದರೆ ಉತ್ತರ ಸಿದ್ಧವಾಗಿರುತ್ತಿತ್ತು: "ಮನೆ ಕೆಲ್ಸ ಒಂದು ಕಾರಣವೇನಮ್ಮಾ?" ಈ ಮಾತು ಎಸ್ಟೇಟಿನ ಮಕ್ಕಳುಮರಿಗೆಲ್ಲ ಬಾಯಿಪಾಠವಾಗಿತ್ತು.

ಪಂಕಜಾಕ್ಷಿ ಕಾಲೇಜು ಸೇರಿದರು. ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಲು ಗಂಡಹೆಂಡಿರಿಬ್ಬರೂ ಹಾನುಬಾಳಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ರವಿಚಂದ್ರನ ಬಳಿಗೆ ಹೋದರು. ಪರದೆಯ ಮೇಲೆ ಬಂದ ಒಂದೊಂದು ಪದಕ್ಕೂ ಚಂದ್ರಯ್ಯನವರ ವ್ಯಾಖ್ಯಾನ ಶುರುವಾಯಿತು.

"ಫ್ರೆಶ್, ರಿನ್ಯೂವಲ್ ಅಂದ್ರೆ ಏನ್ರೀ?" ಎಂದು ಪಂಕಜಾಕ್ಷಿ ಕೇಳಿದರು.

"ಅಷ್ಟೂ ಗೊತ್ತಾಗಕಿಲ್ವಾ? ಫ್ರೆಶ್ ಅಂದ್ರೆ ಈ ವರ್ಷದ ಕಾಫಿ. ರಿನ್ಯೂವಲ್ ಅಂದ್ರೆ ಹೋದ ವರ್ಷದ್ದು, ಸ್ಟೋರಲ್ಲಿ ಉಳ್ಕೊಂಡಿರದು."

"ಆಧಾರ್ ಸೀಡಿಂಗ್?"

"ಬೀಜ ಹಾಕದು ಕಣೇ. ಬ್ಯಾಂಕಲ್ಲಿ ಆಧಾರ್ ಊರಿ ಬರ್ಬೇಕು. ಮೊಳಕೆ ಒಡುದ್ರೆ ದುಡ್ಡು."

ರವಿಚಂದ್ರ ನಗು ನುಂಗಿಕೊಂಡು, "ಹಂಗಲ್ಲ ಅಣ್ಣ. ಫ್ರೆಶ್ ಅಂದ್ರೆ ಮೊದಲ್ನೇ ಸಲ ಅರ್ಜಿ ಹಾಕೋರು. ರಿನ್ಯೂವಲ್ ಅಂದ್ರೆ ಮುಂದಿನ ವರ್ಷಕ್ಕೆ ಮುಂದುವರ್ಸೋದು. ಸೀಡಿಂಗ್ ಅಂದ್ರೆ ಅಕ್ಕನ ಖಾತೆಗೆ ಅವ್ರ ಆಧಾರ್ ಜೋಡಿಸೋದು, ಅಷ್ಟೇ" ಎಂದ.

"ನಾನು ಹೇಳಿದ್ದೂ ಅದೇ ಅಲ್ವೇನೋ" ಎಂದರು ಚಂದ್ರಯ್ಯ.

ಆಮೇಲೆ ಬಂತು ನೋಡಿ ಆ ಮಹಾಪದ. "ಪೋಷಕರು ಅಂತ ಯಾರ್ನ ಹಾಕಾಣ? ಅಕ್ಕನ ತಂದೆ ತೀರ್ಕೊಂಡವ್ರೆ. ಆದಾಯ ಪ್ರಮಾಣಪತ್ರ ನಿಮ್ಮ ಹೆಸ್ರಲ್ಲೇ ಐತೆ. ನಿಮ್ಮನ್ನೇ ಹಾಕ್ಬುಡ್ತೀನಿ" ಎಂದು ರವಿಚಂದ್ರ ಅವರ ಫೋನ್ ನಂಬರನ್ನೂ ಸೇರಿಸಿದ.

ಚಂದ್ರಯ್ಯನವರು ಅಂಗಡಿಯ ಮೆಟ್ಟಿಲಿಳಿಯುವಾಗ ಎರಡಂಗುಲ ಎತ್ತರವಾಗಿದ್ದರು. ಎದುರಿನ ಹೋಟೆಲಿನ ಕೃಷ್ಣಪ್ಪನಿಗೆ ಅಂದೇ ವಿಷಯ ತಿಳಿಸಿದರು. "ಗಂಡ ಅನ್ನದು ಮನೆಯೊಳಗಿನ ಪೋಸ್ಟು ಮಾರಾಯ. ಅದುಕ್ಕೆ ಯಾರು ಬೆಲೆ ಕೊಡ್ತಾರೆ? ಪೋಷಕ ಅನ್ನದು ಸರ್ಕಾರದ್ದು!"

ಅಂದಿನಿಂದ ಮನೆಯಲ್ಲಿ ಸರ್ಕಾರಿ ಆಜ್ಞೆಗಳು ಹೊರಡತೊಡಗಿದವು. "ಪೋಷಕನಾಗಿ ಹೇಳ್ತಿದೀನಿ, ಇವತ್ತು ಸೋಮವಾರ, ಕಡುಬು ಆಗ್ಲಿ."

"ಬಸ್ ಹೋಗ್ಬುಡ್ತದೆ ಕಣ್ರೀ."

"ನಾಳೆನೂ ಬತ್ತದೆ ಬಿಡು."

ವಿದ್ಯಾರ್ಥಿವೇತನ ಬಂದೇಬಿಟ್ಟಿತು! ಚಂದ್ರಯ್ಯನವರಿಗೆ ಇದು ಅನಿರೀಕ್ಷಿತ. ಆದರೂ ಊರೆಲ್ಲ ತಾವೇ ಮಂಜೂರು ಮಾಡಿದ ಹಾಗೆ ಓಡಾಡಿದರು. ರಾತ್ರಿ ಊಟವಾದ ಮೇಲೆ ಹೆಂಡತಿ ಇತಿಹಾಸದ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದರೆ, ಪೇಪರ್ ಮರೆಯಲ್ಲಿ ಕೂತು ಕೇಳಿಸಿಕೊಳ್ಳುವುದು ಅವರಿಗೆ ಇಷ್ಟವಾಗತೊಡಗಿತ್ತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಒಂದು ದಿನ ಫೋನಿಗೆ ಸಂದೇಶ ಬಂತು. "ಮಾನ್ಯ ಪೋಷಕರೇ, ನಿಮ್ಮ ಮಗುವಿನ ವಿಷಯವಾಗಿ ತಾವು ಖುದ್ದಾಗಿ ಕಾಲೇಜಿಗೆ ಬರತಕ್ಕದ್ದು."

'ಮಾನ್ಯ' ಎಂದ ಮೇಲೆ ಸನ್ಮಾನವೇ ಇರಬೇಕು. ಚಂದ್ರಯ್ಯ ಮಗಳ ಮದುವೆಯ ಶಲ್ಯ ಹೊದ್ದು ಬಸ್ಸು ಹತ್ತಿದರು. 'ಮಗು' ಮಾತ್ರ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿತ್ತು.

ವಿದ್ಯಾರ್ಥಿವೇತನದ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು ಶಿವಲೀಲಾ ಎಂಬ ಲೆಕ್ಚರರ್. ವಯಸ್ಸಿನಲ್ಲಿ ಕೃತಿಕಾಳಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಹಾರವೂ ಇಲ್ಲ, ಕುರ್ಚಿಯೂ ಇಲ್ಲ.

"ನೋಡಿ ಸರ್, ಮಾರ್ಕ್ಸಲ್ಲಿ ಇವರು ಕ್ಲಾಸಿಗೇ ಮೊದಲು. ಆದರೆ ಹಾಜರಾತಿ ಸಾಲದು. ಹೀಗೇ ಆದರೆ ಪರೀಕ್ಷೆಗೆ ಕೂರಿಸೋ ಹಾಗಿಲ್ಲ, ಸ್ಕಾಲರ್‌ಶಿಪ್ ರಿನ್ಯೂವಲ್ಲೂ ಆಗೋದಿಲ್ಲ."

ಹಾಜರಾತಿ! ಚಂದ್ರಯ್ಯನವರೊಳಗಿನ ರೈಟರ್ ಧಿಗ್ಗನೆ ಎದ್ದ. ತನ್ನ ಮನೆಯವರಿಗೇ ಹಾಜರಿ ಕೊರತೆಯೇ? ಮೇಜಿನ ಮೇಲಿದ್ದ ಹಾಜರಿ ಪಟ್ಟಿಯ ಖಾಲಿ ಮನೆಗಳ ಮೇಲೆ ಬೆರಳಿಟ್ಟರು. "ಏನಿದು ಪಂಕಜ? ದೀಪಾವಳಿ ಆದ್ಮೇಲೆ ವಾರ ಪೂರ್ತಿ ಎಲ್ಲೋಗಿದ್ದೆ? ಮೇಡಂ ಮುಂದೇನೇ ಹೇಳು!"

"ನಿಮ್ಮಕ್ಕ ವಿಶಾಲಮ್ಮನೋರು ಬಂದಿದ್ರಲ್ಲ. ಅವ್ರು ಇರೋಗಂಟ ಹೊಸ್ಲು ದಾಟ್ಬೇಡ ಅಂದ್ರಿ."

"ಅದು ಬಿಡು. ಅದರ ಮುಂದಿನ ವಾರ?"

"ನಿಮಗೆ ನೆಗಡಿ. ಗಂಟೆಗೊಂದು ಸಲ ಕಷಾಯ ಕೇಳ್ತಿದ್ರಿ."

"ಮತ್ತೆ ಪ್ರತಿ ಸೋಮವಾರ ಯಾಕೋಗಿಲ್ಲ?"

ಪಂಕಜಾಕ್ಷಿ ನೆಲ ನೋಡುತ್ತಾ ಮೆಲ್ಲಗೆ ಹೇಳಿದರು. "ಕಡುಬು."

ಪಕ್ಕದ ಮೇಜಿನ ಗುಮಾಸ್ತ ಕೆಮ್ಮಿದ. ಶಿವಲೀಲಾ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. "ಸರ್, ಪೋಷಕರು ಅಂದರೆ ಏನು ಅಂತ ತಿಳ್ಕೊಂಡಿದ್ದೀರಿ? ಮಗು ಕ್ಲಾಸಿಗೆ ಬರೋ ಹಾಗೆ ನೋಡಿಕೊಳ್ಳೋದು ನಿಮ್ಮ ಜವಾಬ್ದಾರಿ."

ಅಷ್ಟೂ ಸರ್ಕಾರಿ ಪದಗಳಿಗೆ ಅರ್ಥ ಹೇಳಿದ್ದ ಚಂದ್ರಯ್ಯನವರಿಗೆ ಈ ಒಂದು ಪದದ ಅರ್ಥ ಆಗ ತಿಳಿಯಿತು. ಹೆಂಡತಿಯ ಕಡೆ ನೋಡಿದರು. ಪಂಕಜಾಕ್ಷಿ ಬ್ಯಾಗನ್ನು ಎದೆಗೆ ಅವುಚಿಕೊಂಡು, ಶಾಲೆ ಬಿಡಿಸಿಬಿಡುತ್ತಾರೇನೋ ಎಂದು ಹೆದರಿದ ಹುಡುಗಿಯಂತೆ ನಿಂತಿದ್ದರು. 'ಅದು ನಿಂತ ದಿವ್ಸ ನೀನೂ ನಿಂತ್ಕೋ' ಎಂದ ಬಾಯಿ ತನ್ನದೇ.

"ತಪ್ಪು ಮಗೀದಲ್ಲ ಮೇಡಂ" ಎಂದರು ತಡವರಿಸಿ. "ಒಂದು ಅವಕಾಶ ಕೊಡಿ."

"ಇನ್ನುಳಿದ ಕ್ಲಾಸು ಒಂದೂ ತಪ್ಪಿಸದಿದ್ದರೆ ಹಾಜರಾತಿ ಸರಿಹೋಗುತ್ತೆ. ಪೋಷಕರು ಮುಚ್ಚಳಿಕೆ ಬರೆದುಕೊಡಬೇಕು."

ಎಸ್ಟೇಟಿನಲ್ಲಿ ಎಷ್ಟೋ ಜನರ ಕೈಲಿ ಮುಚ್ಚಳಿಕೆ ಬರೆಸಿಕೊಂಡಿದ್ದ ಕೈ ಅಂದು ತಾನೇ ಬರೆಯಿತು. ವಾಪಸು ಬಸ್ಸಿನಲ್ಲಿ ಶಲ್ಯ ಮಡಿಚಿಕೊಂಡು ಚೀಲ ಸೇರಿತ್ತು. ಪಂಕಜಾಕ್ಷಿ ಈ ಸಲ ಪಕ್ಕದಲ್ಲೇ ಕೂತು, "ಸೋಮವಾರದ ಕಡುಬು ರಾತ್ರಿಗೆ ಮಾಡ್ತೀನಿ ಬುಡ್ರಿ" ಎಂದು ಸಮಾಧಾನ ಹೇಳಿದರು.

"ಬ್ಯಾಡ. ನಾನೇ ಮಾಡ್ತೀನಿ. ನೀನು ತಿಂದು ಬಸ್ ಹತ್ತು" ಎಂದರು ಪೋಷಕರು.

ಸೋಮವಾರ ಬೆಳಿಗ್ಗೆ ಪಂಕಜಾಕ್ಷಿ ತಿಂಡಿ ತಿಂದು, ಸರಿಯಾದ ಹೊತ್ತಿಗೆ ಬಸ್ಸು ಹತ್ತಿದರು. (ಕಡುಬಿನ ಒಳಗೆ ಹಿಟ್ಟು ಹಸಿಯಾಗಿಯೇ ಇತ್ತು. ಆ ಮಹಾತಾಯಿ ಚಕಾರವೆತ್ತಲಿಲ್ಲ.) ಪಾತ್ರೆ ತೊಳೆದು, ಒಲೆ ಒರೆಸಿ, ಚಂದ್ರಯ್ಯ ಸ್ಟೋರಿನ ಮುಂದೆ ಏದುಸಿರು ಬಿಡುತ್ತಾ ಬಂದಾಗ ಗಂಟೆ ಹೊಡೆದು ಬಹಳ ಹೊತ್ತಾಗಿತ್ತು. ಆಳುಗಳೆಲ್ಲ ಸಾಲಾಗಿ ನಿಂತು ಕಾಯುತ್ತಿದ್ದರು.

ಲಿಂಗಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಂಗೈಗೆ ಅಕ್ಕಿಹಿಟ್ಟು ಇನ್ನೂ ಮೆತ್ತಿಕೊಂಡಿತ್ತು. "ಯಾಕ್ ರೈಟ್ರೇ, ಇಷ್ಟೊತ್ತು?"

"ಮನೇಲಿ ಕೆಲ್ಸ ಇತ್ತು ಕಣಮ್ಮ" ಎಂದುಬಿಟ್ಟರು. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಜಾರಿತ್ತು.

ಇಡೀ ಸಾಲು ಒಂದೇ ದನಿಯಲ್ಲಿ ಕೂಗಿತು. "ಮನೆ ಕೆಲ್ಸ ಒಂದು ಕಾರಣವೇನಪ್ಪಾ?"

ಚಂದ್ರಯ್ಯನವರು ತಲೆ ತಗ್ಗಿಸಿ ಪುಸ್ತಕ ತೆರೆದರು. ಎಲ್ಲರಿಗಿಂತ ಮೊದಲು ತಮ್ಮ ಹೆಸರು ಬರೆದು, ಮುಂದೆ ಅರ್ಧ ಹಾಜರಿ ಹಾಕಿಕೊಂಡರು.