ಪಡಸಾಲೆಯ ತೋಳ ಡಾಕ್ಟರು

2005ರ ಫೆಬ್ರುವರಿಯ ಒಂದು ಭಾನುವಾರ ನನ್ನ ಸೋದರಮಾವ ಪಾರ್ಕ್ ಸ್ಟ್ರೀಟಿನ ಪಕ್ಕದ ಹರಾಜು ಮಳಿಗೆಯಿಂದ ಒಬ್ಬ ಡಾಕ್ಟರನ್ನು ಟ್ಯಾಕ್ಸಿಯ ಕ್ಯಾರಿಯರಿಗೆ ಕಟ್ಟಿಸಿಕೊಂಡು ಜಾದವ್‌ಪುರದ ಮನೆಗೆ ತಂದರು. ಡಾಕ್ಟರು ತೋಳವಾಗಿದ್ದರು.

ಹಳೆಯ ಎಣ್ಣೆಬಣ್ಣದ ಚಿತ್ರ. ಕರಿಯ ಕೋಟು, ಗಂಜಿ ಹಾಕಿದ ಬಿಳಿ ಕಾಲರು, ಅದರ ಮೇಲೆ ತೋಳದ ಮುಖ. ಒಂದು ಪಂಜದಲ್ಲಿ ಸರಪಳಿಯ ಗಡಿಯಾರ, ಇನ್ನೊಂದರಲ್ಲಿ ಮನುಷ್ಯನ ಕೈ! ಕೈ ಮಾತ್ರ. ಅದರ ಒಡೆಯ ಚೌಕಟ್ಟಿನಾಚೆ ಎಲ್ಲೋ ಮಲಗಿದ್ದಾನೆ, ಡಾಕ್ಟರು ನಾಡಿ ನೋಡುತ್ತಿದ್ದಾರೆ. ಆದರೆ ಅವರ ಕಣ್ಣು ಗಡಿಯಾರದ ಮೇಲಿಲ್ಲ, ರೋಗಿಯ ಮೇಲೂ ಇಲ್ಲ. ಎದುರಿಗೆ ನಿಂತವರ ಮೇಲಿದೆ. ಪಕ್ಕಕ್ಕೆ ಸರಿದರೆ ಕಣ್ಣೂ ಸರಿಯುತ್ತದೆ.

ಬಾಗಿಲು ತೆರೆದ ಮಾಮಿ ಹಾಗೇ ಮುಚ್ಚಿದರು. ಒಳಗಿನಿಂದ ಚಿಲಕದ ಸದ್ದೂ ಬಂತು.

"ಅಲ್ರೀ, ಮೊದಲ ಅದನ್ನ ಎಲ್ಲೆರೆ ಬಿಟ್ಟು ಬರ್ರಿ!"

"ಏ, ಮನಿಗೆ ಬಂದ ಡಾಕ್ಟರ್‌ನ ಬಾಗಿಲದಾಗ ನಿಲ್ಲಿಸ್ತಾರೇನ?"

ನಮ್ಮ ಮಾಮಾನಷ್ಟು ಧೈರ್ಯವಂತರನ್ನು ನಾನು ನೋಡಿಲ್ಲ. ಹುಬ್ಬಳ್ಳಿಯಿಂದ ಬಂದು ಬಂಗಾಳದಲ್ಲಿ ರೈಲ್ವೆಯ ಸಿಗ್ನಲ್ ಕೆಲಸಕ್ಕೆ ಸೇರಿದವರು. ಗುಡುಗು-ಸಿಡಿಲಿನಲ್ಲೂ ಕಂಬ ಹತ್ತಿದವರು. ಅವರ ಎದುರು ಮೇಲಧಿಕಾರಿಗಳೇ ದನಿ ತಗ್ಗಿಸುತ್ತಿದ್ದರಂತೆ. ಆದರೆ ಬಿಳಿ ಕೋಟು ಕಂಡರೆ ಮಾತ್ರ ಮಾಮಾ ಇದ್ದಲ್ಲಿ ಇರುತ್ತಿರಲಿಲ್ಲ! ಬಡಾವಣೆಯ ಕ್ಲಬ್ಬಿನವರು ಆರೋಗ್ಯ ಶಿಬಿರ ಮಾಡಿದಾಗ ಸಾಲಿನಲ್ಲಿ ನಿಂತರು, ನಿಜ. ತಮ್ಮ ಸರದಿ ಬಂದ ಕೂಡಲೇ ಹಿಂದಿನವರನ್ನು ಮುಂದೆ ತಳ್ಳಿ, "ಇವರದು ಅರ್ಜೆಂಟ್ ಐತಿ" ಎಂದು ಸಾಲಿನ ಕೊನೆಗೆ ಹೋದರು. ಶಿಬಿರ ಮುಗಿಯುವವರೆಗೂ ಹೀಗೇ ನಡೆಯಿತು. ಕೊನೆಗೆ ಉಪಕಾರಿ ಎಂದು ಕ್ಲಬ್ಬಿನವರು ಅವರಿಗೆ ಹೂಗುಚ್ಛ ಕೊಟ್ಟರು!

ಇಂಥವರ ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದವು. ಅಲಿಪುರದ ಆಸ್ಪತ್ರೆಯ ವೈದ್ಯರು ಬೈಪಾಸ್ ಆಗಲೇಬೇಕು, ತಡಮಾಡಿದರೆ ಜೀವಕ್ಕೆ ಅಪಾಯ ಎಂದರು. ಒಪ್ಪಿಗೆಗೆ ಸಹಿ ಹಾಕಿ ಎಂದು ಪೆನ್ನು ಮುಂದೆ ಹಿಡಿದರು. ಮಾಮಾ ಬಾತ್‌ರೂಮಿಗೆ ಹೋಗಿಬರುತ್ತೇನೆ ಎಂದು ಎದ್ದರು. ಬರಲಿಲ್ಲ. ಮಾಮಿ ಅಳತೊಡಗಿದರು, ನಾನು ಹುಡುಕಿಕೊಂಡು ಹೊರಟೆ. ಸಿಕ್ಕಿದ್ದು ಎಲ್ಲಿ? ಆಸ್ಪತ್ರೆಯ ಹತ್ತಿರದ ಪ್ರಾಣಿಸಂಗ್ರಹಾಲಯದಲ್ಲಿ. ಹುಲಿಯ ಮುಂದೆ ನಿಂತು ಝಾಲ್‌ಮುಡಿ, ಅಲ್ಲಿನ ಖಾರ ಮಂಡಕ್ಕಿ, ತಿನ್ನುತ್ತಿದ್ದರು.

"ಮಾಮಾ, ಹುಲಿಗೆ ಹೆದರಂಗಿಲ್ಲ, ಡಾಕ್ಟರಿಗೆ ಹೆದರ್ತೀರಲ್ಲ?"

"ತಮ್ಮಾ, ಇಲ್ಲಿ ನಡುವ ಕಂಬಿ ಅದಾವ. ಅಲ್ಲಿ ಏನದಾವ?"

ತೋಳ ಡಾಕ್ಟರು ಬಂದದ್ದು ಅದರ ಮುಂದಿನ ಭಾನುವಾರ.

ಅದಕ್ಕೊಂದು ಲೆಕ್ಕಾಚಾರವಿತ್ತು. ಕಂಬ ಹತ್ತಲು ಹೆದರುವ ಹೊಸಬರನ್ನು ಮಾಮಾ ಬೈದು ಹತ್ತಿಸುತ್ತಿರಲಿಲ್ಲ. ಇವತ್ತು ಒಂದು ಮೆಟ್ಟಿಲು ಹತ್ತಿ ಇಳಿ, ನಾಳೆ ಇನ್ನೊಂದು ಎನ್ನುತ್ತಿದ್ದರು. ಈಗ ಆ ಪಾಠವನ್ನು ತಮಗೇ ಹಾಕಿಕೊಂಡಿದ್ದರು. ಪಡಸಾಲೆಯದು ಕಪ್ಪು-ಬಿಳಿ ಚೌಕದ ನೆಲ. ಚಿತ್ರವನ್ನು ಒಳಗೋಡೆಗೆ ತೂಗುಹಾಕಿ, ತಮ್ಮ ಬೆತ್ತದ ಕುರ್ಚಿಯನ್ನು ಬಾಗಿಲ ಬಳಿ ಇಟ್ಟರು. ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಕುರ್ಚಿ ಒಂದು ಚೌಕ ಮುಂದಕ್ಕೆ. ಕುಳಿತು ತೋಳವನ್ನು ನೋಡುವುದು, ಏಳುವುದು.

"ಗ್ವಾಡಿ ಮುಟ್ಟಿದ ದಿನಾ ಸಹಿ ಹಾಕ್ತೀನಿ."

"ಅಷ್ಟರಾಗ ಏನರೆ ಹೆಚ್ಚುಕಮ್ಮಿ ಆದ್ರ?" ಎಂದರು ಮಾಮಿ. ಆಮೇಲೆ ಸಣ್ಣ ದನಿಯಲ್ಲಿ, "ಆ ಕೈ ನೋಡ್ರಿ. ನಿಮ್ಮ ಕೈ ಇದ್ದಂಗ ಐತಿ."

ನಾವಿಬ್ಬರೂ ನೋಡಿದೆವು. ಹಾಗೇ ಇತ್ತು. ಅಂದಿನಿಂದ ಮಾಮಿ ಪಡಸಾಲೆ ದಾಟುವಾಗ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿಯತೊಡಗಿದರು. ಟೀಪಾಯಿಗೆ ಎಡವಿ ಮೊಣಕಾಲು ಊದಿತು. ಸೆರಗು ಮಾತ್ರ ಸರಿಯಲಿಲ್ಲ.

ನಾನು ಆಗ ಪತ್ರಿಕೆಯೊಂದಕ್ಕೆ ಸಾಲ್ಟ್ ಲೇಕಿನ ಐಟಿ ಕಂಪನಿಗಳ ಸುದ್ದಿ ಬರೆಯುತ್ತ ಅವರ ಮನೆಯಲ್ಲೇ ಇದ್ದೆ. ಹಗಲು ಗಾಜಿನ ಕಟ್ಟಡಗಳ ಉದ್ಘಾಟನೆ, ಮನೆಗೆ ಬಂದರೆ ತೋಳ! ಭಾನುವಾರದ ರೊಟ್ಟಿ ಊಟಕ್ಕೆ ಕರೆತಂದ ಬೆಂಗಳೂರಿನ ಸಾಫ್ಟ್‌ವೇರ್ ಗೆಳೆಯ ಚಿತ್ರದ ಮುಂದೆ ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

"ಅಂಕಲ್, ನಮ್ ಪ್ರಾಜೆಕ್ಟ್ ಮ್ಯಾನೇಜರ್ ಫೋಟೋ ನಿಮ್ಗೆಲ್ಲಿ ಸಿಕ್ತು?"

ಊಟವಿಡೀ ಅವನು ತೋಳಕ್ಕೆ ಬೆನ್ನು ಹಾಕಿ ಕೂತ. ಕೆಳಗಿನ ಮನೆಯ ಬಂಗಾಳಿ ಅಣ್ಣ, ನಮ್ಮೆಲ್ಲರ ದಾದಾ, ಮಾತ್ರ ಹೆದರಲಿಲ್ಲ. ಕನ್ನಡಕ ಒರೆಸಿಕೊಂಡು ಹತ್ತಿರ ಹೋಗಿ ಪರೀಕ್ಷಿಸಿದರು.

"ಅಲೋಪತಿಯೋ, ಹೋಮಿಯೋಪತಿಯೋ?"

"ಯಾರಿಗೆ ಗೊತ್ತು ದಾದಾ?" ಎಂದರು ಮಾಮಾ.

"ಇಷ್ಟು ಹೊತ್ತು ನಾಡಿ ಹಿಡಿದಿದ್ದಾರೆ ಅಂದರೆ ಹೋಮಿಯೋಪತಿ. ಅಲೋಪತಿಯವರಿಗೆ ಪುರುಸೊತ್ತೆಲ್ಲಿ ಮೋಶಾಯ್?"

ಮಾಮಾ ನಕ್ಕರು. ಮಾಮಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಕುರ್ಚಿ ಪಡಸಾಲೆಯ ನಡುವಿಗೆ ಬಂದಿತ್ತು. ಒಂದು ಬೆಳಿಗ್ಗೆ ಮಾಮಾ ಕೂತವರು ಏಳಲಿಲ್ಲ. ಎದೆಯ ಮೇಲೆ ಕೈ. ಮುಖ ಸುಣ್ಣದ ಬಣ್ಣ. ನಾನು ನಾಲಿಗೆಯ ಕೆಳಗೆ ಗುಳಿಗೆ ಇಟ್ಟ ಮೇಲೂ ಬಹಳ ಹೊತ್ತು ಉಸಿರು ಹದಕ್ಕೆ ಬರಲಿಲ್ಲ. ಬಾಗಿಲಲ್ಲಿ ನಿಂತ ಮಾಮಿ ಅವರ ಹತ್ತಿರ ಓಡಬೇಕು, ಓಡಿದರೆ ತೋಳಕ್ಕೆ ಎದುರಾಗಬೇಕು! ಕಣ್ಣು ಮುಚ್ಚಿಕೊಂಡೇ ಓಡಿದರು, ಕುರ್ಚಿಗೆ ಬಡಿದು ಅದರ ಕಾಲ ಬಳಿ ಕೂತರು. ಚಿತ್ರದಲ್ಲಿ ಗಡಿಯಾರ ಹಿಡಿದವರು ಮೂವರನ್ನೂ ನೋಡುತ್ತಿದ್ದರು.

"ಇವತ್ತ ಸಹಿ ಹಾಕ್ರಿ," ಎಂದರು ಮಾಮಿ.

"ನಡುವ ಕಂಬದಾಗ ಕೈಕಾಲು ನಡುಗಿದ್ರ ಇಳಿದು ಮೊದಲಿಂದ ಹತ್ತಬೇಕು," ಎಂದರು ಮಾಮಾ. ಮರುದಿನ ಕುರ್ಚಿ ಮತ್ತೆ ಬಾಗಿಲ ಬಳಿ ಇತ್ತು!

ಆ ದಿನಗಳಲ್ಲಿ ನಾನು ಕಚೇರಿಯಲ್ಲಿ ಫೋನು ರಿಂಗಾದರೆ ಮೊದಲು ಕುರ್ಚಿ ಎಲ್ಲಿಗೆ ಬಂದಿದೆ ಎಂದು ನೆನೆಸಿಕೊಳ್ಳುತ್ತಿದ್ದೆ. ಮಾಮಿ ಚೌಕಗಳನ್ನು ಒರೆಸುವಾಗ ಉಳಿದವನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ ಎಂದು ಆಮೇಲೆ ಹೇಳಿದರು.

ಕುರ್ಚಿ ಗೋಡೆ ಮುಟ್ಟಿದ್ದು ಏಪ್ರಿಲಿನಲ್ಲಿ. ಮಾಮಾ ತೋಳದ ಮುಂದೆ ಮುಂಗೈ ಚಾಚಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದರು.

"ಏನೂ ಮಾಡ್ಲಿಲ್ಲ ನೋಡು," ಎಂದು ಎದ್ದು ಶರಟು ಹಾಕಿಕೊಂಡರು. ಅಂದೇ ಸಹಿ ಹಾಕಿದರು.

ಆಪರೇಷನ್ ದಿನ ಮಾಮಿಯನ್ನು ಆಸ್ಪತ್ರೆಗೆ ಬರಗೊಡಲಿಲ್ಲ. "ನೀ ಬರಬ್ಯಾಡ. ನಿನ್ನ ಮಾರಿ ಕಂಡ್ರ ನಾ ಎದ್ದು ಮನಿಗೆ ಬಂದುಬಿಡ್ತೀನಿ." ಬೆಳಿಗ್ಗೆ ಮಾಮಾನನ್ನು ಒಳಗೆ ಕರೆದೊಯ್ದರು. ಮಧ್ಯಾಹ್ನವಾದರೂ ಯಾರೂ ಹೊರಗೆ ಬಂದು ಏನೂ ಹೇಳಲಿಲ್ಲ. ಕೆಳಗಿನ ಮನೆಯ ದಾದಾ ಅಲ್ಲಿ ಕೂತರು. ಮಾಮಿ ಊಟ ಮಾಡಿದರೋ ಇಲ್ಲವೋ ನೋಡಿ ಬಾ ಎಂದು ನನ್ನನ್ನು ಕಳಿಸಿದರು.

ಬಾಗಿಲು ತೆರೆದೇ ಇತ್ತು. ಅನ್ನದ ಪಾತ್ರೆಯ ಮುಚ್ಚಳ ತೆಗೆದಿರಲಿಲ್ಲ. ಮಾಮಿ ಪಡಸಾಲೆಯಲ್ಲಿದ್ದರು, ಗೋಡೆಗೆ ತಾಗಿದ ಬೆತ್ತದ ಕುರ್ಚಿಯಲ್ಲಿ. ಸೆರಗು ಹೆಗಲ ಮೇಲಿತ್ತು. ಕಣ್ಣು ತೋಳದ ಕಣ್ಣಲ್ಲಿತ್ತು. ಮಾಮಾ ವಾರಗಟ್ಟಲೆ ಸವೆಸಿದ ದಾರಿಯನ್ನು ಒಂದೇ ಸಲಕ್ಕೆ ದಾಟಿ ಬಂದಿದ್ದರು. ಕುರ್ಚಿಯ ಬೆತ್ತ ಸಣ್ಣಗೆ ಕಿರುಗುಟ್ಟುತ್ತಿತ್ತು.

"ಡಾಕ್ಟರ್ ಸಾಹೇಬ್ರ," ಎನ್ನುತ್ತಿದ್ದರು, "ನಿಮ್ಮ ಮಾರಿಗೆ ನಾ ಅಂಜೂದಿಲ್ಲ. ಆ ಕೈ ಅಷ್ಟು ಗಟ್ಟಿ ಹಿಡ್ಕೊಂಡಿರ್ರಿ."

ಸಂಜೆ ದಾದಾ ಫೋನು ಮಾಡಿದರು. ಮಾಮಾ ಕಣ್ಣು ಬಿಟ್ಟಿದ್ದರು.

ಮನೆಗೆ ಬಂದ ಮೇಲೆ, ಕೆಲಸ ಮುಗಿಯಿತಲ್ಲ, ಚಿತ್ರವನ್ನು ಹರಾಜಿಗೆ ವಾಪಸು ಕಳಿಸೋಣ ಎಂದವರು ಮಾಮಾ. ಬೇಡ ಎಂದವರು ಮಾಮಿ.

ಚಿತ್ರ ಈಗಲೂ ಅದೇ ಗೋಡೆಯಲ್ಲಿದೆ. ಅದರ ಮುಂದೆ ಎರಡು ಕುರ್ಚಿಗಳಿವೆ.